ಉದ್ದ ತೋಳಿನ ಕೋಟು

ನನ್ನ ಅಂಗಡಿಗೆ ಬಂದವರಿಗೆ ಈ ಬಣ್ಣ ನಿಮಗೆ ಒಪ್ಪುತ್ತದೆ ಎಂದು ನಾನು ಹೇಳುವುದಿಲ್ಲ. ಬಟ್ಟೆ ಬಿಚ್ಚಿ ಹಾಸುತ್ತೇನೆ, ಕನ್ನಡಿಯನ್ನು ಅವರ ಕಡೆ ತಿರುಗಿಸುತ್ತೇನೆ, ಆಮೇಲೆ ಬೀದಿ ನೋಡುತ್ತಾ ನಿಲ್ಲುತ್ತೇನೆ. ನಮ್ಮೂರಿನ ದರ್ಜಿಗಳೆಲ್ಲ ಹೀಗೆಯೇ. ಒಮ್ಮೆ ಹೊರಗಿನಿಂದ ಬಂದ ಬಟ್ಟೆ ವ್ಯಾಪಾರಿಯೊಬ್ಬ ಗೊತ್ತಿಲ್ಲದೆ, "ಈ ಕೆಂಪು ಸೀರೆ ತಗೊಳ್ಳಿ ತಾಯಿ, ಲಕ್ಷ್ಮಿ ಹಂಗೆ ಕಾಣ್ತೀರ" ಎಂದು ಒಬ್ಬ ಹೆಂಗಸಿಗೆ ಹೇಳಿಬಿಟ್ಟ. ಆ ಬಣ್ಣ ಅವಳ ಮೈಗೆ ಆಗಿಬರಲಿಲ್ಲ, ಗಂಧೆ ಎದ್ದಿತು. ವ್ಯಾಪಾರಿಯೂ ಎಂಟು ದಿನ ಅರ್ಧ ಮೈ ಕೆರೆದುಕೊಂಡು, ಒಂಬತ್ತನೆಯ ದಿನ ಗಂಟು ಕಟ್ಟಿಕೊಂಡು ಹೊರಟುಹೋದ.

ನಮ್ಮೂರಲ್ಲಿ ಯಾರಿಗಾದರೂ ಹೀಗೆ ಮಾಡು ಎಂದು ಹೇಳಿ, ಅವರು ಹಾಗೆಯೇ ಮಾಡಿದರೆ, ಅದರಿಂದ ಏನಾಗುತ್ತದೋ ಅದರಲ್ಲಿ ಅರ್ಧ ಹೇಳಿದವರಿಗೆ. ನೋವಾದರೂ ಅರ್ಧ, ನೆಮ್ಮದಿಯಾದರೂ ಅರ್ಧ. ಬಾ, ಕೂರು ಎಂಬಂಥ ಮಾತುಗಳಿಗೆ ಏನೂ ಅಂಟುವುದಿಲ್ಲ. ಅವುಗಳಿಂದ ಆಗುವುದೂ ಅಷ್ಟರಲ್ಲೇ ಇದೆ. ಆದರೆ ಕೆಲಸ, ಮದುವೆ, ಮದ್ದು, ಓದು, ಇವೆಲ್ಲ ಅಂಟುತ್ತವೆ. ಮಾತನ್ನು ತಿರುಗಿಸಿ ಹೇಳಿದರೆ ತಪ್ಪಿಸಿಕೊಳ್ಳಬಹುದೇ ಎಂದು ಹಿಂದಿನವರು ಬೇಕಾದಷ್ಟು ನೋಡಿದ್ದಾರೆ. ಆಗುವುದಿಲ್ಲ. ಮನಸ್ಸಿನಲ್ಲಿ ಇದ್ದು ಹೇಗೆ ಹೇಳಿದರೂ ಬಂದು ಸೇರುತ್ತದೆ. ಮನಸ್ಸಿನಲ್ಲಿ ಇಲ್ಲದೆ ಬಾಯಿ ಸಾವಿರ ಆಡಿದರೂ ಏನೂ ಬರುವುದಿಲ್ಲ. ಹಾಗಾಗಿ ನಮ್ಮಲ್ಲಿ ಮದುವೆಮನೆಯ ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ಯಾರೂ ಬಲವಂತ ಮಾಡುವುದಿಲ್ಲ. ಬಡಿಸುವವನು ತಟ್ಟೆ ಹಿಡಿದು ಎದುರಿಗೆ ನಿಲ್ಲುತ್ತಾನೆ. ಬೇಕಾದವರು ನೋಡಬೇಕು, ಬೇಡವಾದವರು ನೋಡಬಾರದು.

ತಾಯಂದಿರದು ಬೇರೆ. ಹಾಲು ಕುಡಿ, ಮರ ಹತ್ತಬೇಡ ಎನ್ನದೆ ಮಕ್ಕಳನ್ನು ಸಾಕುವುದು ಹೇಗೆ? ಅವರು ಹೇಳುತ್ತಲೇ ಇರುತ್ತಾರೆ, ಮಕ್ಕಳ ಅರ್ಧ ಅಜೀರ್ಣ, ಅರ್ಧ ನೆಗಡಿ ಅನುಭವಿಸುತ್ತಲೇ ಇರುತ್ತಾರೆ. ಮಗುವಿಗೆ ಹದಿನಾರು ತುಂಬಿದ ದಿನ ತಾಯಿ ಒಂದು ಉಂಡೆ ಬೆಲ್ಲ ಬಾಯಲ್ಲಿಟ್ಟುಕೊಂಡು, ಕರಗುವವರೆಗೂ ಸುಮ್ಮನೆ ಕೂರುತ್ತಾಳೆ. ಕರಗಿದ ಮೇಲೆ ಆ ಮಗುವಿಗೆ ಅವಳು ಹೀಗೆ ಮಾಡು ಎನ್ನುವಂತಿಲ್ಲ. ನನ್ನ ತಂಗಿ ರತ್ನಾವತಿ ತನ್ನ ಮಗಳು ವೈಜಯಂತಿಗೆ ಹದಿನಾರಾದಾಗ ಬೆಲ್ಲ ಬಾಯಿಗಿಟ್ಟುಕೊಂಡಳು. ಅರ್ಧ ಕರಗಿತ್ತೋ ಇಲ್ಲವೋ, ಉಂಡೆಯನ್ನು ಕೈಗೆ ತೆಗೆದುಕೊಂಡು "ಲೇ, ಕೂದಲು ಒಣಗಿಸ್ಕೋ, ಶೀತ ಆಗುತ್ತೆ" ಎಂದು ಹೇಳಿ ಮತ್ತೆ ಬಾಯಿಗೆ ಹಾಕಿಕೊಂಡಳು. ಬಂದಿದ್ದವರೆಲ್ಲ ನಕ್ಕರು.

ನನಗೆ ಮಕ್ಕಳಿಲ್ಲ. ನಾನು ಬಾಯಿ ಕಟ್ಟಿಕೊಂಡದ್ದು ಇಪ್ಪತ್ತೆರಡನೆಯ ವಯಸ್ಸಿಗೇ. ಒಬ್ಬ ಗೆಳತಿಯಿದ್ದಳು. ಬಂದ ಇಬ್ಬರು ಗಂಡುಗಳಲ್ಲಿ ಯಾರನ್ನು ಒಪ್ಪಲಿ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ನಾನೇ ಮುಂದೆ ಬಿದ್ದು, "ಆ ಎತ್ತರದವನನ್ನ ಮಾಡ್ಕೊಳ್ಳೇ" ಎಂದೆ. ಅವಳ ಸಂಸಾರ ಕೆಟ್ಟಿದೆ ಎಂಬುದು ಅವಳ ಕಾಗದ ಬರುವುದಕ್ಕೆ ಮೂರು ತಿಂಗಳು ಮೊದಲೇ ನನಗೆ ಗೊತ್ತಾಯಿತು. ಕಾರಣವಿಲ್ಲದೆ ಅಳು, ಅನ್ನ ಸೇರದು, ಬಾಗಿಲ ಸದ್ದಾದರೆ ಎದೆ ಹಾರುತ್ತಿತ್ತು. ಅಂದಿನಿಂದ ಮೂವತ್ತೈದು ವರ್ಷ ಯಾರಿಗೂ ಏನನ್ನೂ ಹೇಳಿದವಳಲ್ಲ. ಅದರಿಂದಲೇ ಪುಟ್ಟತಾಯಮ್ಮ ಬಹಳ ದೊಡ್ಡ ಹೆಂಗಸು ಎಂದು ಊರಲ್ಲಿ ನನಗೆ ಹೆಸರಾಯಿತು.

ಇಂಥ ಊರಲ್ಲಿ ಡಾಕ್ಟರಾಗುವುದು ಸುಲಭದ ಮಾತಲ್ಲ. ನಮ್ಮಲ್ಲಿ ಎರಡು ಥರದ ಡಾಕ್ಟರುಗಳಿದ್ದಾರೆ. ಸಾದಾ ಡಾಕ್ಟರು ನಾಡಿ ನೋಡಿ, ರೋಗದ ಹೆಸರು ಹೇಳಿ, ಒಂದು ಪಟ್ಟಿ ಕೊಡುತ್ತಾರೆ. ಬಿಳಿ ಮಾತ್ರೆ ನೂರರಲ್ಲಿ ಅರವತ್ತು ಜನಕ್ಕೆ ಹಿಡಿದಿದೆ, ಇಪ್ಪತ್ತು ಜನಕ್ಕೆ ವಾಂತಿಯಾಗಿದೆ. ಹಳದಿ ಮಾತ್ರೆ ಐವತ್ತು ಜನಕ್ಕೆ ಹಿಡಿದಿದೆ, ಹತ್ತು ಜನಕ್ಕೆ ತಲೆ ಸುತ್ತಿದೆ, ಹೀಗೆ. ಆರಿಸಿಕೊಳ್ಳುವುದು ರೋಗಿ. ಔಷಧಿ ಅಂಗಡಿಯ ಮುಂದೆ ಜನ ಆ ಪಟ್ಟಿ ಹಿಡಿದುಕೊಂಡು, ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಎಂದು ಯೋಚಿಸುವವರ ಹಾಗೆ ನಿಂತಿರುತ್ತಾರೆ. ನನ್ನ ಪಕ್ಕದ ಮನೆಯಾತ ಯಾವಾಗಲೂ ಹಸಿರು ಮಾತ್ರೆಯನ್ನೇ ಆರಿಸುತ್ತಾನೆ, ಕಣ್ಣಿಗೆ ತಂಪು ಅಂತ.

ಇನ್ನೊಂದು ಥರದವರು ಆನರ್ಸ್ ಡಾಕ್ಟರುಗಳು. ಅವರು "ಇದನ್ನ ತಗೊಳ್ಳಿ" ಎನ್ನುತ್ತಾರೆ. ಅಷ್ಟೇ. ಮಾತ್ರೆಯಿಂದ ರೋಗಿಗೆ ಆಗುವ ಸಂಕಟ ಅರ್ಧವಾಗುತ್ತದೆ, ಉಳಿದರ್ಧ ಡಾಕ್ಟರಿಗೆ ಹೋಗುತ್ತದೆ. ನಮ್ಮೂರಲ್ಲಿ ಈಗ ಇರುವುದು ಒಬ್ಬರೇ, ಹೊನ್ನಪ್ಪ ಡಾಕ್ಟರು. ಮಧ್ಯಾಹ್ನ ಮೂರರ ಮೇಲೆ ಅವರು ಗೋಡೆ ಹಿಡಿದುಕೊಂಡು ನಡೆಯುತ್ತಾರೆ. ಒಮ್ಮೊಮ್ಮೆ ಏನೂ ಇಲ್ಲದೆ ನಗುತ್ತಾರೆ, ಆಗ ಎಲ್ಲೋ ಯಾವುದೋ ಮಗುವಿನ ಜ್ವರ ಬಿಟ್ಟಿತು ಎಂದು ಕಾಂಪೌಂಡರು ಹೇಳುತ್ತಾನೆ. ಅವರ ಬಾಗಿಲಲ್ಲಿ ಸಾಲು ಎಷ್ಟು ಉದ್ದವೆಂದರೆ, ಅರ್ಧ ಜನ ನಿಂತು ನಿಂತು ಬೇಸತ್ತು ಪಟ್ಟಿ ಹಿಡಿದುಕೊಂಡು ಅಂಗಡಿಗೆ ಹೋಗುತ್ತಾರೆ.

ಎರಡೂ ಥರದವರು ಓದುವುದು ನಮ್ಮೂರಿನ ಕಾಲೇಜಿನಲ್ಲೇ. ಮೆಡಿಕಲ್ಲಿಗೆ ಹೋಗುವ ಮೊದಲು ಮೂರು ವರ್ಷದ ತರಗತಿ. ಅದಕ್ಕೆ ಸೇರಿದ ಅರವತ್ತು ಮಕ್ಕಳಲ್ಲಿ ಮೊದಲ ಹತ್ತು ಮಂದಿಗೆ ಆನರ್ಸ್ ಬೇಕೋ ಎಂದು ಕೇಳುತ್ತಾರೆ. ಆ ಮಕ್ಕಳಿಗೆ ಬಿಳಿ ಕೋಟು ಹೊಲಿಯುವುದು ನಾನು. ಸಾದಾ ತರಗತಿಯವರಿಗೆ ಮೊಣಕೈವರೆಗಿನ ತೋಳು, ಆನರ್ಸಿನವರಿಗೆ ಮಣಿಕಟ್ಟಿನವರೆಗಿನ ತೋಳು. ರೋಗಿಯ ಗಂಧೆ, ಬೊಕ್ಕೆ ಅವರ ಕೈಮೇಲೆ ಅರ್ಧ ಏಳುತ್ತದಲ್ಲ, ಅದನ್ನು ಕಂಡರೆ ರೋಗಿಗೆ ಸಂಕಟವಾಗಬಾರದು ಅಂತ.

ಈ ವರ್ಷ ಆ ಹತ್ತರಲ್ಲಿ ವೈಜಯಂತಿಯ ಹೆಸರು ಬಂತು.

ಅವಳು ಅರ್ಜಿಯ ಕಾಗದ ಹಿಡಿದುಕೊಂಡು ಅಂಗಡಿಗೆ ಬಂದದ್ದು ಒಂದು ಗುರುವಾರ. ಶನಿವಾರ ಕಡೆಯ ದಿನ. ಸ್ಟೂಲಿನ ಮೇಲೆ ಕೂತು ಕಾಗದವನ್ನು ಮಡಿಸುವುದು, ಬಿಚ್ಚುವುದು ಮಾಡುತ್ತಿದ್ದಳು.

"ದೊಡ್ಡಮ್ಮ, ಆನರ್ಸ್ ತಗೊಂಡ್ರೆ ಎರಡು ಪೇಪರ್ ಜಾಸ್ತಿ. ವಾರಕ್ಕೆ ಮೂರು ದಿನ ಹೊನ್ನಪ್ಪ ಡಾಕ್ಟ್ರ ಹತ್ರ ಕೂರ್ಬೇಕು. ಪ್ರಶ್ನೆ ಎಲ್ಲಾ ಕಷ್ಟ, ಮಾರ್ಕ್ಸ್ ಬರಲ್ಲ. ಮೆಡಿಕಲ್ ಸೀಟ್ ಕೊಡೋದು ಮಾರ್ಕ್ಸ್ ನೋಡಿ. ಅವ್ರು ಆನರ್ಸಾ ಸಾದಾನಾ ಅಂತ ನೋಡ್ತಾರೋ ಇಲ್ವೋ ಯಾರಿಗೂ ಗೊತ್ತಿಲ್ಲ."

"ಹೂಂ" ಎಂದೆ.

"ಹೋದ್ವರ್ಷ ಆನರ್ಸ್ ಅವ್ರಲ್ಲಿ ನಾಲ್ಕೇ ಜನಕ್ಕೆ ಸೀಟು ಸಿಕ್ಕಿದ್ದು. ಸಾದಾದವ್ರಲ್ಲಿ ಮೂವತ್ತು ಜನಕ್ಕೆ."

"ಹೂಂ."

"ಆದ್ರೆ ಆ ನಾಲ್ಕು ಜನ ಮಾತ್ರ ಮುಂದೆ ಹೊನ್ನಪ್ಪ ಡಾಕ್ಟ್ರ ಥರ ಆಗ್ಬಹುದು. ಸಾದಾದಿಂದ ಹೋದ್ರೆ ಕೊನೇವರೆಗೂ ಪಟ್ಟಿ ಕೊಡೋದೇ."

"ಹೂಂ."

"ಏನ್ ದೊಡ್ಡಮ್ಮ, ಹೂಂ ಹೂಂ ಅಂತ ಹಸು ಥರ!"

"ಹಸು ಹೂಂ ಅನ್ನಲ್ಲ ಕಣೇ, ಅಂಬಾ ಅನ್ನುತ್ತೆ."

ಅವಳಿಗೆ ನಗು ಬರಲಿಲ್ಲ. ಕಾಲೇಜಿನಲ್ಲಿ ಗುಮಾಸ್ತ ರಂಗಶಾಮಯ್ಯನವರನ್ನು ಕೇಳಿದಳಂತೆ. ಅವರು ಕನ್ನಡಕ ತೆಗೆದು ಒರೆಸಿದರಂತೆ. ಬಲಗಡೆಯ ಗಾಜನ್ನು ಮೊದಲು ಒರೆಸಿದರು, ಅಂದರೆ ಆನರ್ಸ್ ಇರಬಹುದೇ ಎಂದು ಅವಳು ಇಡೀ ಬೆಳಿಗ್ಗೆ ಯೋಚಿಸಿದ್ದಳು. ಇದು ನಮ್ಮೂರಿನವರ ಚಾಳಿ. ಬಾಯಿಬಿಟ್ಟು ಯಾರೂ ಹೇಳದೆ ಇರುವುದರಿಂದ ಎಲ್ಲರ ಕೈ, ಕಣ್ಣು, ಕೆಮ್ಮು ಎಲ್ಲದರಲ್ಲೂ ಸೂಚನೆ ಹುಡುಕುತ್ತಾರೆ. ಪಾಪ, ರಂಗಶಾಮಯ್ಯನವರ ಕನ್ನಡಕ ಸುಮ್ಮನೆ ಕೊಳೆಯಾಗಿತ್ತು.

"ಅಮ್ಮ ಏನಂತಾಳೆ?" ಎಂದು ಕೇಳಿದೆ.

"ಏನೂ ಅನ್ನಲ್ಲ. ಸಾದಾ ಕ್ಲಾಸಿಗೆ ಸೇರಿರೋ ಪ್ರಭಾವತಿ ಮನೆಗೆ ಬಂದ್ರೆ ಮಾತ್ರ ಅವ್ಳಿಗೆ ಎರಡು ಚಕ್ಕುಲಿ ಜಾಸ್ತಿ ಕೊಡ್ತಾಳೆ."

ಸೋಮವಾರ ತರಗತಿ ಶುರು. ಯಾವ ತೋಳಾದರೂ ಕೋಟು ಬೇಕೇ ಬೇಕು. ನಾನು ಅಳತೆ ತೆಗೆದುಕೊಂಡೆ. ಹೆಗಲಿನಿಂದ ಮಣಿಕಟ್ಟಿಗೆ ಟೇಪು ಇಟ್ಟಾಗ ಅವಳು ಉಸಿರು ಬಿಗಿಹಿಡಿದದ್ದು ನನಗೆ ಗೊತ್ತಾಯಿತು, ಆದರೆ ಅರ್ಥವಾಗಲಿಲ್ಲ. ಬಟ್ಟೆ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಪೂರ್ತಿ ತೋಳನ್ನೇ ಕತ್ತರಿಸಿದೆ. ಅದು ದರ್ಜಿಯ ಅಭ್ಯಾಸ. ಉದ್ದ ಇದ್ದದ್ದನ್ನು ಆಮೇಲೆ ಗಿಡ್ಡ ಮಾಡಬಹುದು, ಗಿಡ್ಡ ಮಾಡಿದ್ದನ್ನು ಉದ್ದ ಮಾಡಲಾಗುವುದಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ತಲೆಯೆತ್ತಿ ನೋಡಿದರೆ ಹುಡುಗಿಯ ಮುಖ ತೊಳೆದ ಹಾಗೆ ತಿಳಿಯಾಗಿತ್ತು.

"ಸರಿ ದೊಡ್ಡಮ್ಮ" ಎಂದಳು. ಎದ್ದಳು. ಕಾಗದವನ್ನು ಇನ್ನು ಮಡಿಸದೆ ಹಾಗೇ ಕೈಯಲ್ಲಿ ಹಿಡಿದುಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ಕೋಟು ಒಯ್ಯಲು ಬಂದವಳು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ತೋಳು ಗಿಡ್ಡ ಮಾಡಬೇಕೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆನರ್ಸಿಗೇ ಸೇರಿದಳು, ತಾನೇ ತೀರ್ಮಾನ ಮಾಡಿಕೊಂಡಳು, ಗಟ್ಟಿಗಿತ್ತಿ ಎಂದುಕೊಂಡೆ. ಹೆಮ್ಮೆಯೂ ಪಟ್ಟೆ.

ಹದಿನೇಳು ದಿನ ಕಳೆದವು. ಸೀಸನ್ನಿನ ಕೆಲಸ, ನಾನು ಆ ಕಡೆ ಹೋಗಲಿಲ್ಲ. ಹದಿನೆಂಟನೆಯ ದಿನ ಮಧ್ಯಾಹ್ನ ರತ್ನ ಬಂದಳು. ಚಪ್ಪಲಿ ಬಿಡದೆ ಒಳಗೆ ಬಂದಳು, ಅದರಿಂದಲೇ ಜಗಳಕ್ಕೆ ಬಂದಿದ್ದಾಳೆ ಎಂದು ಗೊತ್ತಾಯಿತು.

"ಮೂವತ್ತೈದು ವರ್ಷ ಬಾಯಿ ಮುಚ್ಕೊಂಡಿದ್ದವಳು ನನ್ನ ಮಗಳ ವಿಷಯಕ್ಕೇ ಬಾಯಿ ಬಿಡ್ಬೇಕಿತ್ತಾ ಅಕ್ಕ?"

"ಯಾವ ಬಾಯಿ? ಏನು?"

"ನಾಟಕ ಆಡ್ಬೇಡ. ಆನರ್ಸ್ ತಗೋ ಅಂತ ನೀನೇ ಹೇಳಿದ್ದಂತೆ. ಹೇಳೋ ಹಾಗಿದ್ರೆ ನಾನು ಹೇಳ್ತಿರ್ಲಿಲ್ವಾ? ಹೆತ್ತವಳು ನಾನು. ನಾಲಿಗೆ ಕಚ್ಕೊಂಡು ಕಚ್ಕೊಂಡು ಹುಣ್ಣಾಗಿದೆ ನೋಡಿಲ್ಲಿ" ಎಂದು ನಾಲಿಗೆ ಹೊರಗೆ ಚಾಚಿ ತೋರಿಸಿದಳು. ನಿಜವಾಗಿ ಹುಣ್ಣಾಗಿತ್ತು.

"ನಾನು ಹೇಳಿಲ್ಲ ಕಣೇ. ನಿನ್ನಾಣೆ."

"ತೋಳು ಉದ್ದ ಕತ್ತರಿಸಿದ್ದು ಯಾರು?"

ಆಗ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ಕತ್ತರಿ ಕೆಳಗಿಟ್ಟೆ. ಉದ್ದ ಮೊದಲು, ಗಿಡ್ಡ ಆಮೇಲೆ ಎಂಬ ದರ್ಜಿ ಲೆಕ್ಕವನ್ನು ಹೇಳಿದೆ. ರತ್ನ ನಂಬಲಿಲ್ಲ.

"ಹಾಗಂದ್ರೆ ನಿನಗೇನೂ ಆಗ್ತಿಲ್ವಾ?" ಎಂದಳು. "ಅವಳು ನಿದ್ದೆ ಮಾಡಿ ಎಂಟು ದಿನ ಆಯ್ತು. ಕಣ್ಣು ಕೆಂಡ. ಊಟ ಕಲಸಿ ಕಲಸಿ ಎದ್ದು ಹೋಗ್ತಾಳೆ. ಒಂದು ಪರೀಕ್ಷೆ ಆಯ್ತು, ನೂರಕ್ಕೆ ನಲವತ್ತೊಂದು. ಪ್ರಭಾವತಿಗೆ ಎಂಬತ್ತೆಂಟು. ನಿನಗೆ ಕಣ್ಣುರಿ ಇಲ್ವಾ? ಊಟ?"

ನಾನು ಯೋಚಿಸಿದೆ. ಹದಿನೇಳು ದಿನವೂ ತಲೆದಿಂಬಿಗೆ ತಲೆ ಇಟ್ಟ ಕೂಡಲೇ ನಿದ್ದೆ. ಅಂದು ಬೆಳಿಗ್ಗೆ ಮೂರು ರೊಟ್ಟಿ ತಿಂದಿದ್ದೆ. ಅಷ್ಟು ಚೆನ್ನಾಗಿದ್ದದ್ದಕ್ಕೆ ನನಗೆ ನಾಚಿಕೆಯಾಯಿತು.

"ಏನೂ ಇಲ್ಲ ರತ್ನ" ಎಂದೆ.

ರತ್ನನ ಸಿಟ್ಟು ಒಂದೇ ಸಲಕ್ಕೆ ಇಳಿದುಹೋಯಿತು. ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕೂತಳು. "ಅಯ್ಯೋ, ಹಾಗಾದ್ರೆ ಮಗು ಪೂರ್ತಿ ಒಂದೇ ಹೊತ್ಕೊಂಡಿದೆ" ಎಂದಳು. "ದೊಡ್ಡಮ್ಮಂಗೂ ಅರ್ಧ ಇದ್ಯಲ್ಲ ಅಂತ ಧೈರ್ಯವಾಗಿದೀನಿ ಅಂತಿದ್ಲು ಅಕ್ಕ. ದೊಡ್ಡಮ್ಮಂಗೆ ಪಾಪ ವಯಸ್ಸಾಗಿದೆ, ಹೆಂಗೆ ತಡ್ಕೊಳ್ತಾಳೋ ಅಂತ ನಿನ್ನ ಬಗ್ಗೆ ಮರುಗ್ತಿದ್ಲು."

ಆನರ್ಸ್ ಬಿಟ್ಟು ಸಾದಾ ತರಗತಿಗೆ ವಾಪಸ್ ಬರಲು ಇಪ್ಪತ್ತು ದಿನದ ಅವಕಾಶವಿದೆ. ಆಮೇಲೆ ಮೂರು ವರ್ಷವೂ ಅಲ್ಲೇ. ಉಳಿದಿದ್ದದ್ದು ಎರಡೇ ದಿನ.

ಮಾರನೆಯ ದಿನ ಬೆಳಿಗ್ಗೆ ಕಾಲೇಜಿಗೇ ಹೋದೆ. ವೈಜಯಂತಿ ಮೆಟ್ಟಿಲ ಮೇಲೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪುಟ ತಿರುಗಿಸುತ್ತಿರಲಿಲ್ಲ. ನನ್ನನ್ನು ಕಂಡು ಎದ್ದುನಿಂತು, "ಹೆಂಗಿದೀಯ ದೊಡ್ಡಮ್ಮ? ತಲೆನೋವು ಜಾಸ್ತಿನಾ? ನಂಗೆ ಗೊತ್ತು, ನೀನು ಹೇಳಲ್ಲ" ಎಂದಳು.

ಸುಳ್ಳು ಹೇಳಿಬಿಡೋಣ ಅನ್ನಿಸಿತು. ಹೌದು ತಾಯಿ, ಅರ್ಧ ನನಗೂ ಇದೆ ಎಂದರೆ ಹುಡುಗಿ ಧೈರ್ಯವಾಗಿರುತ್ತಾಳೆ. ಆದರೆ ಇಲ್ಲದ ಗೋಡೆಗೆ ಒರಗಿ ಎಷ್ಟು ದಿನ ನಿಲ್ಲಲಿಕ್ಕಾಗುತ್ತದೆ? ಪಕ್ಕದಲ್ಲಿ ಕೂರಿಸಿಕೊಂಡು ತೋಳಿನ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವಳು ಕೋಟಿನ ತೋಳನ್ನೇ ನೋಡಿಕೊಂಡಳು.

"ಅಂದ್ರೆ ಇದನ್ನ ನಾನೇ ತಗೊಂಡಿದ್ದಾ?"

"ನೀನೇ."

"ನಂಗೆ ಬೇಕಿತ್ತಾ?"

"ಅದು ನನಗೆ ಹೇಗೆ ಗೊತ್ತಾಗಬೇಕು ಕಣೇ?"

"ನಂಗೂ ಗೊತ್ತಿಲ್ಲ" ಎಂದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಸಿಟ್ಟಾದಳು. "ಎಲ್ರೂ ಹಿಂಗೇ. ಅಮ್ಮ ಚಕ್ಕುಲಿ ಕೊಡ್ತಾಳೆ, ರಂಗಶಾಮಯ್ಯ ಕನ್ನಡಕ ಒರೆಸ್ತಾರೆ, ನೀನು ಬಟ್ಟೆ ಕತ್ತರಿಸ್ತೀಯ. ಒಬ್ರಾದ್ರೂ ಬಾಯಿ ಬಿಟ್ಟು ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅರ್ಧ ಹೋಗುತ್ತಿತ್ತು. ಅದಕ್ಕೇ ಹೇಳಲಿಲ್ಲ.

"ಸಾದಾ ಕ್ಲಾಸಿಗೆ ವಾಪಸ್ ಹೋದ್ರೆ ಹೇಗಿರುತ್ತೆ?" ಎಂದು ಕೇಳಿದೆ.

"ಚೆನ್ನಾಗಿರುತ್ತೆ. ಮಾರ್ಕ್ಸ್ ಬರುತ್ತೆ. ಸೀಟು ಸಿಗುತ್ತೆ."

"ಆನರ್ಸು?"

ಅದಕ್ಕೆ ಅವಳು ಬೈಯತೊಡಗಿದಳು. ಹೊನ್ನಪ್ಪ ಡಾಕ್ಟರು ಮಹಾ ಒರಟ. ಮೊದಲನೆಯ ದಿನವೇ, "ನನ್ನ ಹೊಟ್ಟೇಲಿ ಈ ಊರಿನ ಅರ್ಧ ಅಜೀರ್ಣ ಇದೆ, ಮುಂದೆ ಯಾರು ಇಟ್ಕೋತೀರ ಕೈಯೆತ್ತಿ" ಎಂದು ಕೇಳಿದರಂತೆ. ಒಬ್ಬ ಹುಡುಗ ಅವತ್ತೇ ಸಾದಾ ತರಗತಿಗೆ ಓಡಿಹೋದನಂತೆ. ಪಾಠ ಅರ್ಥವಾಗುವುದಿಲ್ಲ. ಅರ್ಥವಾದರೆ ಇನ್ನೂ ಕಷ್ಟ. ಮೊದಲ ವರ್ಷ ರೋಗಿಗಳ ಮುಂದೆ ಕೂರಬೇಕು, ನೋಡಬೇಕು, ಆದರೆ ಒಂದು ಮಾತೂ ಆಡುವಂತಿಲ್ಲ. ಆಮೇಲೆ ದನಿ ಇಳಿಸಿ ಇನ್ನೊಂದು ಸಂಗತಿ ಹೇಳಿದಳು.

"ಹೋದ ವಾರ ಒಬ್ಬಮ್ಮ ಬಂದಿದ್ಲು ದೊಡ್ಡಮ್ಮ. ಹೂ ಕಟ್ಟೋಳು. ಮಂಡಿ ನೋವು. ಸಾಲಲ್ಲಿ ನಿಂತೂ ನಿಂತೂ ಸಾಕಾಗಿ ನನ್ನ ಪಕ್ಕದಲ್ಲೇ ಪಟ್ಟಿ ಬಿಚ್ಚಿ ನೋಡಿದ್ಲು. ಹಳದಿ ಮಾತ್ರೆ ಮೇಲೆ ಬೆರಳಿಟ್ಲು. ಪಕ್ಕದ ಮನೆಯವಳು ಅದನ್ನೇ ತಗೊಂಡಿದ್ಲಂತೆ. ಈ ಅಮ್ಮಂಗೆ ಹೊಟ್ಟೆಹುಣ್ಣು ಇದೆ, ಅವಳೇ ಹೇಳ್ತಿದ್ಲು. ಹೊಟ್ಟೆಹುಣ್ಣು ಇರೋರಿಗೆ ಹಳದಿ ಆಗಲ್ಲ ಅಂತ ಹಿಂದಿನ ದಿನವಷ್ಟೇ ಪಾಠ ಆಗಿತ್ತು. ನಂಗೆ ಗೊತ್ತಿತ್ತು. ನಾಲಿಗೆ ತುದೀಲಿತ್ತು. ಹೇಳ್ಬಾರ್ದು ಅಂತ ರೂಲು. ಹೇಳ್ಲಿಲ್ಲ. ಎರಡು ದಿನ ಆದ್ಮೇಲೆ ರಕ್ತ ಕಕ್ಕೊಂಡು ವಾರ್ಡಿಗೆ ಬಂದ್ಲು."

"ಹೇಗಿದಾಳೆ ಈಗ?"

"ಬದುಕ್ಕೊಂಡ್ಲು. ನನ್ನ ನೋಡಿ ನಕ್ಕಳು. ಅವಳಿಗೇನು ಗೊತ್ತು?" ಪುಸ್ತಕದ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಸಾದಾ ಕ್ಲಾಸಲ್ಲಿದ್ದಿದ್ರೆ ಹಳದಿ ಆಗಲ್ಲ ಅನ್ನೋದು ನಂಗೆ ಗೊತ್ತೇ ಇರ್ತಿರ್ಲಿಲ್ಲ. ಗೊತ್ತಿಲ್ದೇ ಇದ್ದಿದ್ರೆ ನಿದ್ದೆ ಬರ್ತಿತ್ತು. ಅದು ಒಳ್ಳೇದಾ ಕೆಟ್ಟದ್ದಾ? ಎಂಟು ದಿನದಿಂದ ಅದೇ ಯೋಚಿಸ್ತಿದೀನಿ. ಒಳ್ಳೇದು ಅಂದ್ರೆ ಒಳ್ಳೇದು ಅನ್ಸುತ್ತೆ. ಕೆಟ್ಟದ್ದು ಅಂದ್ರೆ ಕೆಟ್ಟದ್ದು ಅನ್ಸುತ್ತೆ."

ನಾನು ಓದಿದವಳಲ್ಲ. ಯಾವ ಪೇಪರು, ಯಾವ ಸೀಟು ಎಂಬುದು ನನಗೆ ಅರ್ಥವಾಗುವುದಿಲ್ಲ. ಆದರೆ ಬಟ್ಟೆ ಆರಿಸಲು ಬಂದವರನ್ನು ನಲವತ್ತು ವರ್ಷ ನೋಡಿದ್ದೇನೆ. ಒಂದು ಬಟ್ಟೆಯ ಬಗ್ಗೆ ಎರಡು ಮಾತಲ್ಲಿ ಚೆನ್ನಾಗಿದೆ ಎಂದುಬಿಡುತ್ತಾರೆ. ಇನ್ನೊಂದನ್ನು ನೂಲು ಒರಟು, ಬಣ್ಣ ಗಾಢ, ಒಗೆದರೆ ಏನಾಗುತ್ತದೋ ಎಂದು ಅರ್ಧ ಗಂಟೆ ಬೈಯುತ್ತಾರೆ. ಕೈ ಮಾತ್ರ ಆ ಬೈದ ಬಟ್ಟೆಯ ಮೇಲಿಂದ ತೆಗೆಯುವುದಿಲ್ಲ. ಅಂಥವರು ಚೆನ್ನಾಗಿದೆ ಎಂದದ್ದನ್ನು ಕಟ್ಟಿಸಿಕೊಂಡು ಮನೆಗೆ ಹೋದರೆ ಒಂದು ವಾರಕ್ಕೆ ವಾಪಸ್ ಬರುತ್ತಾರೆ, ಆ ಇನ್ನೊಂದು ಇದೆಯಾ ಎಂದು ಕೇಳಿಕೊಂಡು. ಅಷ್ಟರಲ್ಲಿ ಅದು ಹೋಗಿರುತ್ತದೆ.

ಹಾಗೆಂದು ನನಗೆ ಧೈರ್ಯವಿತ್ತು ಎಂದು ಯಾರೂ ತಿಳಿಯಬಾರದು. ನಲವತ್ತೊಂದು ಅಂಕ ನನ್ನ ಕಣ್ಣ ಮುಂದೆಯೇ ಇತ್ತು. ಸೀಟು ತಪ್ಪಿದರೆ ಈ ಹುಡುಗಿ ಏನು ಮಾಡುತ್ತಾಳೆ? ಸೀಟು ತಪ್ಪಿದ್ದರಲ್ಲಿ ಅರ್ಧ ಎಂದರೆ ನನಗೆ ಹೇಗೆ ಬರುತ್ತದೆ, ಎಷ್ಟು ವರ್ಷ ಇರುತ್ತದೆ? ಮದುವೆಯಾದ ಆ ಗೆಳತಿಯ ಅಳು ಆರು ತಿಂಗಳು ಇತ್ತು. ಮೂವತ್ತೈದು ವರ್ಷ ನಾನು ಯಾರಿಗೂ ಹೇಳದೆ ನನ್ನ ಅರ್ಧ ಉಳಿಸಿಕೊಂಡೆ. ಅಷ್ಟೂ ವರ್ಷ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಎದ್ದುಹೋದವರೆಲ್ಲ ತಮ್ಮದನ್ನು ಪೂರ್ತಿ ಹೊತ್ತುಕೊಂಡೇ ಹೋಗಿರಬೇಕು. ಈ ಮಾತು ನನಗೆ ಅದುವರೆಗೂ ಹೊಳೆದಿರಲಿಲ್ಲ ಎಂದರೆ ನಂಬುವುದು ಕಷ್ಟ, ಆದರೆ ನಿಜ.

"ವೈಜಿ" ಎಂದೆ. "ಆನರ್ಸಲ್ಲೇ ಇರು."

ಅವಳು ತಿರುಗಿ ನೋಡಿದಳು. ನಮ್ಮೂರಲ್ಲಿ ಹದಿನಾರು ದಾಟಿದವರಿಗೆ ಇಂಥ ಮಾತು ಕಿವಿಗೆ ಬಿದ್ದರೆ ಯಾರೋ ಬೀದಿಯಲ್ಲಿ ಬಟ್ಟೆ ಬಿಚ್ಚಿದ ಹಾಗೆ. ಮೆಟ್ಟಿಲಿಳಿಯುತ್ತಿದ್ದ ಇಬ್ಬರು ಹುಡುಗರು ಕೇಳಿಸದವರ ಹಾಗೆ ಬೇಗ ಬೇಗ ನಡೆದುಹೋದರು.

"ಮನಸ್ಸಿಂದ ಹೇಳ್ತಿದೀಯಾ, ಸುಮ್ನೆ ನಾನು ಬೈದೆ ಅಂತ ಹೇಳ್ತಿದೀಯಾ?"

"ಅದು ನನಗೂ ನಾಳೇನೇ ಗೊತ್ತಾಗೋದು."

"ಸೀಟು ಸಿಗದಿದ್ರೆ?"

"ಸಿಗದಿದ್ರೆ ಇಬ್ರೂ ಕೂತ್ಕೊಂಡು ಅಳೋಣ. ಗುಂಡಿಗೆ ಕಾಜಾ ಹಾಕೋದು ಕಲಿಸ್ತೀನಿ, ಅಳ್ತಾ ಅಳ್ತಾ ಹಾಕು."

ಈ ಸಲ ಅವಳಿಗೆ ಸ್ವಲ್ಪ ನಗು ಬಂತು. ತಕ್ಷಣ ಮುಖ ಗಂಟಾಯಿತು. "ನೀನು ಹೇಳಿದೆ ಅಂತ ನಾನು ಇರಲ್ಲ ದೊಡ್ಡಮ್ಮ. ಯೋಚಿಸ್ತೀನಿ. ನಾಳೆ ಸಂಜೆ ಐದಕ್ಕೆ ರಂಗಶಾಮಯ್ಯ ಪುಸ್ತಕ ಮುಚ್ತಾರೆ."

"ಯೋಚಿಸು" ಎಂದೆ. ಅದೂ ಒಂದು ಹೇಳಿಕೆಯೇ. ಬಾಯಿ ಒಮ್ಮೆ ಬಿಟ್ಟ ಮೇಲೆ ಮುಚ್ಚುವುದು ಕಷ್ಟ.

ಮನೆಗೆ ಬಂದು ಲೆಕ್ಕ ಹಾಕಿದೆ. ಅವಳು ಐದರೊಳಗೆ ಆನರ್ಸ್ ಬಿಟ್ಟು ಬಂದರೆ ನನ್ನ ಮಾತಿನಂತೆ ನಡೆಯಲಿಲ್ಲ, ನನಗೆ ಏನೂ ಅಂಟುವುದಿಲ್ಲ. ಉಳಿದುಕೊಂಡರೆ ಅರ್ಧ ನನಗೆ. ನಾನು ಮನಸ್ಸಿಲ್ಲದೆ ಹೇಳಿದ್ದಾದರೆ ಅವಳು ಉಳಿದರೂ ನನಗೆ ಏನೂ ಬಾರದು, ಮತ್ತೆ ಅವಳೊಬ್ಬಳೇ. ಈ ಮೂರರಲ್ಲಿ ಯಾವುದಾದರೆ ಒಳ್ಳೆಯದು ಎಂದು ಹೇಳಲು ನನ್ನ ಕೈಲಾಗಲಿಲ್ಲ.

ಮಾರನೆಯ ದಿನ ಇಡೀ ಹೊತ್ತು ಮೈಮೇಲೆ ಕಣ್ಣಿಟ್ಟುಕೊಂಡೇ ಕೆಲಸ ಮಾಡಿದೆ. ಮೂರು ಗಂಟೆಗೆ ತಲೆ ಭಾರವಾದ ಹಾಗಾಯಿತು, ನೋಡಿದರೆ ಕಾಫಿ ಕುಡಿದಿರಲಿಲ್ಲ. ನಾಲ್ಕಕ್ಕೆ ರತ್ನ ಬಂದು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, "ಏನಾದ್ರೂ ಇದ್ಯಾ ಅಕ್ಕ?" ಎಂದು ಕೇಳಿದಳು. "ಇನ್ನೂ ಇಲ್ಲ" ಎಂದೆ. ಹೆರಿಗೆಮನೆಯ ಬಾಗಿಲಲ್ಲಿ ಕಾಯುವವಳ ಹಾಗೆ ಒಂದು ಗಳಿಗೆ ಕೂತು, ಮನೆಗೆ ಹೋದಳು. ಕೂರುವುದಕ್ಕಾಗದೆ ನಾನು ಅಂಗಡಿಗೆ ಬೀಗ ಹಾಕಿ, ಚೀಲ ಹಿಡಿದು, ಸಂತೆಬೀದಿಗೆ ಹೊರಟೆ. ತರಕಾರಿ ಮಾರುವ ಸಣ್ಣಮ್ಮನ ಮುಂದೆ ನಿಂತಾಗ ಕಾಲೇಜಿನ ಐದರ ಗಂಟೆ ಹೊಡೆಯುವುದು ಕೇಳಿಸಿತು.

ಸಣ್ಣಮ್ಮನ ಎದುರು ಹೀರೇಕಾಯಿ ಒಂದು ರಾಶಿ, ಬದನೆಕಾಯಿ ಒಂದು ರಾಶಿ ಇತ್ತು. ಹೀರೇಕಾಯಿಗೆ ಕೈ ಹಾಕಿದೆ. ಎಳೆಯದಾಗಿತ್ತು, ಚೆನ್ನಾಗಿತ್ತು. ಬದನೆಕಾಯಿಯೂ ಚೆನ್ನಾಗಿತ್ತು. ಹೀರೇಕಾಯಿ ಕೆಳಗಿಟ್ಟು ಬದನೆಕಾಯಿ ಎತ್ತಿಕೊಂಡೆ. ಎತ್ತಿಕೊಂಡ ಮೇಲೆ ಹೀರೇಕಾಯಿಯೇ ಸರಿ ಅನ್ನಿಸಿತು. ಸಿಪ್ಪೆಯಲ್ಲಿ ಚಟ್ನಿಯೂ ಆಗುತ್ತದೆ. ಆದರೆ ಎಣ್ಣೆಗಾಯಿ ತಿಂದು ಎಷ್ಟು ದಿನವಾಯಿತು. ಹಾಗೆಂದು ಬದನೆಕಾಯಿ ಒಯ್ದರೆ ಮನೆಯಲ್ಲಿ ಹುಣಸೆಹಣ್ಣು ಇದೆಯೋ ಇಲ್ಲವೋ. ಎರಡೂ ಒಯ್ಯಬಹುದು. ಎರಡೂ ಒಯ್ದರೆ ಯಾವುದನ್ನು ಮೊದಲು ಮಾಡುವುದು? ಒಂದೊಂದು ಕೈಯಲ್ಲಿ ಒಂದೊಂದು ಹಿಡಿದುಕೊಂಡು ನಿಂತೆ. ಕಣ್ಣು ಉರಿಯತೊಡಗಿತು. ಒಳ್ಳೆಯದು ಅಂದರೆ ಒಳ್ಳೆಯದು ಅನ್ನಿಸುತ್ತಿತ್ತು, ಕೆಟ್ಟದ್ದು ಅಂದರೆ ಕೆಟ್ಟದ್ದು ಅನ್ನಿಸುತ್ತಿತ್ತು. ಹಿಂದೆ ನಿಂತವರು ನನ್ನನ್ನು ದಾಟಿ ಕೊಂಡುಕೊಂಡು ಹೋದರು. ನಲವತ್ತು ವರ್ಷ ಒಂದೇ ಏಟಿಗೆ ಬಟ್ಟೆ ಕತ್ತರಿಸಿದ ನನ್ನ ಕೈ ಒಂದು ಬದನೆಕಾಯಿಯನ್ನು ಚೀಲಕ್ಕೆ ಹಾಕಲಾರದೆ ಹೋಯಿತು.

ಸಣ್ಣಮ್ಮ ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲವಳು. ತಕ್ಕಡಿ ಕೆಳಗಿಟ್ಟು ನನ್ನ ಮುಖವನ್ನು ಚೆನ್ನಾಗಿ ನೋಡಿದಳು.

"ಅಯ್ಯೋ ಪುಟ್ಟತಾಯಮ್ನೋರೇ" ಎಂದಳು. "ನೀವಾ? ಯಾರಿಗೆ ಏನು ಹೇಳಿ ಬಂದ್ರಿ?"

"ಅಕ್ಕನ ಮಗಳಿಗೆ ಅಂತ ಅಂದ್ಕೋ" ಎಂದೆ, "ಅಲ್ಲ, ತಂಗಿ ಮಗಳಿಗೆ." ಅದೂ ಸರಿಯಾಗಿ ಬಾಯಿಗೆ ಬರಲಿಲ್ಲ.

"ಹಾಗಾದ್ರೆ ಆ ಮಗು ಹೇಳ್ದಂಗೆ ಮಾಡ್ತು ಅನ್ನಿ."

"ಮಾಡ್ತು" ಎಂದೆ.

ಸಣ್ಣಮ್ಮ ಗೋಣಿಚೀಲ ಜಾಡಿಸಿ ತನ್ನ ಪಕ್ಕದಲ್ಲಿ ಹಾಸಿದಳು. ನಾನು ಎರಡೂ ಕಾಯಿ ಹಿಡಿದುಕೊಂಡೇ ಕೂತೆ. ಊರಾಚೆಯ ಮನೆಯಲ್ಲಿ ಒಬ್ಬ ಹುಡುಗಿ ಈ ರಾತ್ರಿ ಕಲಸಿದ ಅನ್ನವನ್ನು ಬಿಟ್ಟು ಏಳದೆ, ಅರ್ಧವಾದರೂ ಉಣ್ಣಬಹುದು ಎಂದುಕೊಂಡೆ.